ಮುಖಗವಸಿನ ಅಂಚು

ಕನ್ನಡಕ ಹಾಕುವ ವಾಚಕರಿಗೆ ಒಂದು ಅನುಭವ ಚೆನ್ನಾಗಿ ನೆನಪಿರಬೇಕು. ೨೦೨೦ರ ಮಳೆಗಾಲದಲ್ಲಿ ಮುಖಗವಸು ಹಾಕಿಕೊಂಡು ಜಯನಗರದ ನಾಲ್ಕನೆಯ ಬ್ಲಾಕಿಗೆ ತರಕಾರಿಗೆಂದು ಹೊರಟರೆ, ಹತ್ತು ಹೆಜ್ಜೆ ಇಡುವಷ್ಟರಲ್ಲಿ ಗಾಜಿನ ಮೇಲೆ ಮಂಜು ಕವಿಯುತ್ತಿತ್ತು. ಬೆಲೆ ಕೇಳುವ ಮೊದಲು ಕನ್ನಡಕ ತೆಗೆದು ಒರೆಸಬೇಕು. ಒರೆಸಿ ಹಾಕಿದರೆ ಮತ್ತೆ ಮಂಜು. ಅದು ನಮ್ಮ ಉಸಿರೇ. ಬಟ್ಟೆಯ ಒಳಗಿಂದ ಸೋಸಿಕೊಂಡು ಹೋಗಬೇಕಾಗಿದ್ದ ಬಿಸಿಯುಸಿರು, ಮೂಗಿನ ಎರಡು ಪಕ್ಕದ ಸಂದಿನಿಂದ ಮೇಲಕ್ಕೆ ನುಗ್ಗಿ ಗಾಜಿಗೆ ತಗುಲುತ್ತಿತ್ತು. ನಾವು ಬೈದದ್ದು ಕನ್ನಡಕವನ್ನು. ಪಾಪ, ಅದು ಸಾಕ್ಷಿ ಹೇಳುತ್ತಿತ್ತು, ಅಷ್ಟೆ.

ಸೋಂಕು ತಡೆಯುವ ಬಟ್ಟೆಯ ವಿಷಯವಾಗಿ ನೂರು ವರ್ಷಕ್ಕೂ ಮೇಲ್ಪಟ್ಟು ಬಲ್ಲವರು ವಾದ ಮಾಡಿದ್ದಾರೆ. ಎಷ್ಟು ಪದರ ಬೇಕು, ನೂಲು ಎಷ್ಟು ಒತ್ತಾಗಿರಬೇಕು ಎಂದೆಲ್ಲ ವಿಚಾರಿಸಿದ್ದಾರೆ. ಆ ಬಟ್ಟೆ ಕೆನ್ನೆಯನ್ನು ಮುಟ್ಟುವ ಅಂಚಿನ ಮಾತು ಮಾತ್ರ ಮತ್ತೆ ಮತ್ತೆ ಕಣ್ಣಿಗೆ ಬಿದ್ದು ಮತ್ತೆ ಮತ್ತೆ ಮರೆತುಹೋಯಿತು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹೈದರನ ಸೈನಿಕರು ಗೋಡೆ ಒಡೆದು ಬರಲಿಲ್ಲ. ಒಬ್ಬ ಮನುಷ್ಯ ತೂರುವಷ್ಟು ಕಿಂಡಿಯಲ್ಲಿ ನುಸುಳಿ ಬಂದರು. ಅಲ್ಲಿ ಓಬವ್ವ ಒನಕೆ ಹಿಡಿದು ನಿಂತಿದ್ದಳು. ನಮ್ಮ ಕೆನ್ನೆಯ ಕಿಂಡಿಯಲ್ಲಿ ಯಾರೂ ನಿಂತಿಲ್ಲ.

ಬೆಂಗಳೂರಿನ ದಕ್ಷಿಣ ಭಾಗದವರು ಈ ಚರಿತ್ರೆಯ ಮೊದಲ ಅಧ್ಯಾಯದ ಮೇಲೆಯೇ ದಿನವೂ ನಡೆದಾಡುತ್ತಾರೆ. ೧೮೯೮ರ ಆಗಸ್ಟಿನಲ್ಲಿ ಊರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಿಂದ ಜನ ಬಯಲಿಗೆ ಹೊರಟರು. ಅದುವರೆಗೆ ನಿಧಾನವಾಗಿ ತುಂಬುತ್ತಿದ್ದ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳಿಗೆ ಅವಸರ ಹತ್ತಿತು. ಅಗಲವಾದ ಬೀದಿ, ಮನೆಯ ಸುತ್ತ ಬಿಟ್ಟ ಜಾಗ, ಹಿಂದೆ ಕನ್ಸರ್ವೆನ್ಸಿ ಓಣಿ, ಇವೆಲ್ಲ ರೋಗಕ್ಕೆ ಆ ಕಾಲ ಕೊಟ್ಟ ಉತ್ತರ. ಮನುಷ್ಯನಿಗೂ ಮನುಷ್ಯನಿಗೂ ನಡುವೆ ಗಾಳಿ ಇರಲಿ ಎಂಬುದು ಅದರ ತಿರುಳು. ೧೯೪೮ರಲ್ಲಿ ಅಸ್ತಿಭಾರ ಬಿದ್ದ ಜಯನಗರ ಅದೇ ಮಾತನ್ನು ಇನ್ನೂ ವಿಸ್ತಾರವಾಗಿ ಹೇಳಿತು. ನಮ್ಮೂರಿನ ಆ ಪ್ಲೇಗು ಬಹುಮಟ್ಟಿಗೆ ಗಡ್ಡೆಯ ಪ್ಲೇಗು. ಇಲಿಯ ಮೈಮೇಲಿನ ಚಿಗಟದಿಂದ ಹರಡುವಂಥದು. ಅದಕ್ಕೆ ಮೂಗು ಮುಚ್ಚಿಕೊಂಡು ಪ್ರಯೋಜನವಿರಲಿಲ್ಲ.

ಅದೇ ರೋಗ ಶ್ವಾಸಕೋಶಕ್ಕೆ ಇಳಿದರೆ ಕಥೆ ಬೇರೆ. ೧೯೧೦ರ ಚಳಿಗಾಲದಲ್ಲಿ ಮಂಚೂರಿಯದ ಹಾರ್ಬಿನ್ ಪಟ್ಟಣದಲ್ಲಿ ಹಾಗಾಯಿತು. ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ ವೂ ಲಿಯೆನ್-ತೆ ಎಂಬ ಯುವಕ ವೈದ್ಯರನ್ನು ಚೀನಾ ಸರ್ಕಾರ ಅಲ್ಲಿಗೆ ಕಳುಹಿಸಿತು. ಈ ಪ್ಲೇಗಿಗೆ ಇಲಿ ಬೇಕಿಲ್ಲ, ಇದು ಉಸಿರಿನಿಂದ ಉಸಿರಿಗೆ ದಾಟುತ್ತದೆ ಎಂದು ಅವರು ಕಂಡುಕೊಂಡರು. ಜಾಳು ಬಟ್ಟೆಯ ನಡುವೆ ಹತ್ತಿಯ ಮೆತ್ತೆಯಿಟ್ಟು, ಬಟ್ಟೆಯ ತುದಿಗಳನ್ನು ಪಟ್ಟಿಪಟ್ಟಿಯಾಗಿ ಸೀಳಿ, ತಲೆಯ ಹಿಂದಕ್ಕೆ ಬಿಗಿಯಾಗಿ ಕಟ್ಟುವ ಗವಸೊಂದನ್ನು ಮಾಡಿಸಿದರು. ಮೆಸ್ನಿ ಎಂಬ ಹಿರಿಯ ಫ್ರೆಂಚ್ ವೈದ್ಯ ಈ ಮಾತನ್ನು ಒಪ್ಪಲಿಲ್ಲ. ಗವಸಿಲ್ಲದೆ ರೋಗಿಗಳ ಬಳಿ ಹೋದರು. ಕೆಲವೇ ದಿನಗಳಲ್ಲಿ, ೧೯೧೧ರ ಜನವರಿಯಲ್ಲಿ, ಅದೇ ರೋಗದಿಂದ ತೀರಿಕೊಂಡರು. ಆ ಹಾವಳಿಯಲ್ಲಿ ಸತ್ತವರು ಸುಮಾರು ೬೦,೦೦೦ ಮಂದಿ. ವೂ ಅವರ ಗವಸಿನ ಕೀರ್ತಿ ಅದರ ಹತ್ತಿಗೆ ಸಂದಿದೆ. ನನ್ನ ಮಟ್ಟಿಗೆ ಅದರಲ್ಲಿ ಅರ್ಧ ಪಾಲು ಆ ಬಿಗಿಯಾದ ಕಟ್ಟುಪಟ್ಟಿಗಳಿಗೆ ಸಲ್ಲಬೇಕು.

ಏಕೆಂದರೆ ಶಸ್ತ್ರವೈದ್ಯರ ಗವಸು ಬೇರೆ ವಂಶದ್ದು. ೧೮೯೭ರಲ್ಲಿ ಬ್ರೆಸ್ಲೌ ನಗರದ ಮಿಕುಲಿಚ್ ಎಂಬ ಶಸ್ತ್ರವೈದ್ಯ ಬಾಯಿಗೆ ಬಟ್ಟೆ ಕಟ್ಟಿಕೊಂಡದ್ದು ತನ್ನ ರಕ್ಷಣೆಗಲ್ಲ; ತನ್ನ ಬಾಯಿಯ ತುಂತುರು ರೋಗಿಯ ಗಾಯಕ್ಕೆ ಬೀಳದಿರಲೆಂದು. ತುಂತುರು ನೇರವಾಗಿ ಮುಂದಕ್ಕೆ ಹಾರುತ್ತದೆ. ಮುಂದೆ ಒಂದು ತೆರೆಯಿದ್ದರೆ ಸಾಕು. ಪಕ್ಕದಲ್ಲಿ ಸಂದು ಇದ್ದರೂ ಗಾಯಕ್ಕೆ ಬಾಧಕವಿಲ್ಲ. ಔಷಧದಂಗಡಿಯಲ್ಲಿ ನಾವು ಕೊಂಡ ನೀಲಿ ಬಣ್ಣದ ನೆರಿಗೆಯ ಗವಸು ಈ ವಂಶದ ಕೂಸು. ಅದರ ಕೆನ್ನೆಯ ಸಡಿಲು ಮಾಡಿದವರ ಅಲಕ್ಷ್ಯವಲ್ಲ, ಹುಟ್ಟುಗುಣ.

೧೯೧೮ರಲ್ಲಿ ಇನ್‌ಫ್ಲುಯೆಂಜಾ ಜಗತ್ತನ್ನು ಸುತ್ತಿತು. ನಮ್ಮ ಮೈಸೂರು ಸಂಸ್ಥಾನದಲ್ಲೇ ಲಕ್ಷಕ್ಕೂ ಹೆಚ್ಚು ಜನ ಹೋದರು. ಅಮೆರಿಕದ ಸಾನ್‌ಫ್ರಾನ್ಸಿಸ್ಕೊ ನಗರ ಆ ಅಕ್ಟೋಬರಿನಲ್ಲಿ ಎಲ್ಲರೂ ಗವಸು ಧರಿಸಬೇಕೆಂದು ಕಾನೂನು ಮಾಡಿತು. ಆದರೂ ರೋಗ ನಿರೀಕ್ಷಿಸಿದಂತೆ ತಗ್ಗಲಿಲ್ಲ. ಕ್ಯಾಲಿಫೋರ್ನಿಯದ ಆರೋಗ್ಯ ಮಂಡಲಿಯ ಕೆಲಾಗ್ ಎಂಬುವರು ಇದರ ಕಾರಣವನ್ನು ಪ್ರಯೋಗಶಾಲೆಯಲ್ಲಿ ಹುಡುಕಿ ೧೯೨೦ರಲ್ಲಿ ಪ್ರಕಟಿಸಿದರು. ಅವರು ಕಂಡದ್ದು ಇದು: ಜಾಳು ಬಟ್ಟೆ ಸೋಸುವುದಿಲ್ಲ; ಸೋಸುವಷ್ಟು ದಟ್ಟವಾಗಿ ಪದರ ಹಾಕಿದರೆ ಉಸಿರು ಬಟ್ಟೆಯೊಳಗೆ ತೂರಲಾರದೆ ಅಂಚಿನಿಂದ ಸೋರಿಹೋಗುತ್ತದೆ.

ಈ ಮಾತನ್ನು ಕೊಂಚ ನಿಂತು ನೋಡಬೇಕು. ನಮ್ಮ ಅಜ್ಜಿಯರು ಔಷಧದ ಪುಡಿಯನ್ನು ವಸ್ತ್ರಗಾಳಿತ ಮಾಡುತ್ತಿದ್ದುದನ್ನು ತಾವು ಕಂಡಿರಬಹುದು. ಪಾತ್ರೆಯ ಬಾಯಿಗೆ ತೆಳುಬಟ್ಟೆ ಕಟ್ಟಿ, ಮೇಲೆ ಪುಡಿ ಹಾಕಿ ಬೆರಳಾಡಿಸುವುದು. ಕಟ್ಟಿದ ದಾರ ಒಂದು ಕಡೆ ಸಡಿಲವಾದರೆ ತರಿಯೆಲ್ಲ ಆ ಕಡೆಯಿಂದಲೇ ಪಾತ್ರೆಗೆ ಇಳಿಯುತ್ತದೆ. ಗಾಳಿ ಪುಡಿಗಿಂತ ಜಾಣ. ಎಲ್ಲಿ ತಡೆ ಕಡಮೆಯೋ ಅಲ್ಲಿಗೇ ಹರಿಯುತ್ತದೆ. ಬಟ್ಟೆ ಒಳ್ಳೆಯದಾದಷ್ಟೂ ಅದರ ತಡೆ ಹೆಚ್ಚು, ತಡೆ ಹೆಚ್ಚಾದಷ್ಟೂ ಅಂಚಿನ ಕಿಂಡಿಯ ಆಕರ್ಷಣೆ ಹೆಚ್ಚು. ಅಂಚು ಕೂಡದ ದಪ್ಪ ಗವಸು ಹಾಕಿಕೊಂಡವನಿಗೆ ದೊರೆಯುವುದು ಧೈರ್ಯ ಮಾತ್ರ.

ಕೆಲಾಗರ ಮಾತು ಮುಂದಿನ ದಶಕಗಳಲ್ಲಿ ಆಸ್ಪತ್ರೆಗಳಿಗಿಂತ ಗಣಿ, ಕಾರ್ಖಾನೆಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಹಾಗಿದೆ. ಕಲ್ಲುಧೂಳು ಶ್ವಾಸಕೋಶವನ್ನು ಗಟ್ಟಿಯಾಗಿಸುವ ರೋಗ ಭಾರತದಲ್ಲಿ ಮೊದಲು ದಾಖಲಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ೧೯೩೪ರಲ್ಲಿ. ಧೂಳಿನವರಿಗೆ ಬೇಕಾದದ್ದು ಧರಿಸಿದವನನ್ನೇ ಕಾಯುವ ಗವಸು. ಆದ್ದರಿಂದ ಅಂಚು ಅವರಿಗೆ ಪ್ರಾಣದ ಪ್ರಶ್ನೆ. ಮೂಗಿನ ಮೇಲೆ ಒತ್ತುವ ಲೋಹದ ಪಟ್ಟಿ, ತಲೆಯ ಹಿಂದಕ್ಕೆ ಹೋಗುವ ಎರಡು ರಬ್ಬರು ಪಟ್ಟಿ, ಬಟ್ಟಲಿನ ಆಕಾರ, ಇವೆಲ್ಲ ಈ ವಂಶದ ಆಸ್ತಿ. ಎನ್-೯೫ ಎಂಬ ಹೆಸರು ೧೯೯೫ರ ಅಮೆರಿಕದ ನಿಯಮದ್ದು: ಮೈಕ್ರಾನಿನ ಹತ್ತರಲ್ಲಿ ಮೂರು ಭಾಗದಷ್ಟಿರುವ ಕಣಗಳಲ್ಲಿ ನೂರಕ್ಕೆ ೯೫ನ್ನಾದರೂ ಹಿಡಿಯಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಅದರ ಎಳೆಗಳಿಗೆ ವಿದ್ಯುತ್ತಿನ ಅಂಶ ಊಡಿರುತ್ತಾರೆ. ಒಣಗೂದಲು ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವ ಹಾಗೆ ಎಳೆ ಕಣವನ್ನು ಸೆಳೆಯುತ್ತದೆ.

ಆದರೆ ಆ ೯೫ ಬಟ್ಟೆಯ ಅಂಕ, ಮುಖದ ಅಂಕವಲ್ಲ. ಮುಖಕ್ಕೆ ಬೇರೆಯೇ ಪರೀಕ್ಷೆ ಉಂಟು. ಗವಸು ಹಾಕಿಸಿ, ತಲೆಯ ಮೇಲೆ ಮುಸುಕು ಇಳಿಬಿಟ್ಟು, ಒಳಗೆ ಸ್ಯಾಕರಿನ್ ದ್ರಾವಣದ ತುಂತುರು ಹೊಡೆಯುತ್ತಾರೆ. ತಲೆ ತಿರುಗಿಸು, ಬಗ್ಗು, ಮಾತನಾಡು ಎನ್ನುತ್ತಾರೆ. ನಾಲಿಗೆಗೆ ಸಿಹಿ ತಿಳಿದರೆ ಗವಸು ಸೋತಿತು. ಸಿಹಿ ಸಿಕ್ಕಿದ್ದಕ್ಕೆ ಅನುತ್ತೀರ್ಣರಾಗುವ ಪರೀಕ್ಷೆ ಬೇರೊಂದನ್ನು ನಾನು ಕಾಣೆ.

ಇನ್ನು ಯಾರ ಮುಖ? ೧೯೭೦ರ ದಶಕದಲ್ಲಿ ಲಾಸ್ ಅಲಾಮೊಸ್ ಪ್ರಯೋಗಶಾಲೆಯವರು ಗವಸಿನ ಅಳತೆಗೆ ಮಾದರಿಯಾಗಿ ಇಟ್ಟುಕೊಂಡದ್ದು ೧೯೬೭-೬೮ರಲ್ಲಿ ಅಳೆದ ಅಮೆರಿಕದ ವಾಯುಪಡೆಯವರ ಮುಖಗಳನ್ನು. ಅದು ದುಡಿಯುವವರೆಲ್ಲರ ಮುಖವಲ್ಲವೆಂದು ಹೊಸದಾಗಿ ಅಳೆದದ್ದು ೨೦೦೩ರಲ್ಲಿ. ಬೆಳಗಿನ ಆರು ಗಂಟೆಗೆ ಜೆ.ಪಿ. ನಗರದ ಬೀದಿ ಗುಡಿಸುವ ನಮ್ಮ ಪೌರಕಾರ್ಮಿಕರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಒಂದೇ ಅಳತೆಯ ಗವಸು ಆಕೆಯ ಸಣ್ಣ ಗಲ್ಲದ ಕೆಳಗೆ ಜೋತುಬಿದ್ದರೆ, ಸರಿಯಾಗಿ ಹಾಕಿಕೊಳ್ಳಮ್ಮ ಎಂದು ಹೇಳಿ ಹೋಗುವುದು ಸುಲಭ. ಆಕೆಯ ಮುಖವನ್ನು ಯಾರೂ ಅಳೆದಿರಲಿಲ್ಲ.

೨೦೨೦ರಲ್ಲಿ ಕೋವಿಡ್ ಬಂದಾಗ ಈ ಎರಡು ವಂಶಗಳ ಗವಸೂ ಒಂದೇ ಅಂಗಡಿಯ ಹಲಗೆಯ ಮೇಲೆ ಕುಳಿತವು. ರೋಗ ಹರಡುವುದು ಬೇಗ ನೆಲಕ್ಕೆ ಬೀಳುವ ದೊಡ್ಡ ಹನಿಗಳಿಂದ ಎಂಬ ನಂಬಿಕೆ ಆಗ ಬಲವಾಗಿತ್ತು. ಹನಿಗೆ ಮುಂದಿನ ತೆರೆ ಸಾಕು. ಆದರೆ ಸಣ್ಣ ಹನಿ ಬೀಳುವ ಮೊದಲೇ ಆರಿ, ಅದರ ತಿರುಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲಬಲ್ಲದೆಂದು ವೆಲ್ಸ್ ಎಂಬುವರು ೧೯೩೪ರಲ್ಲೇ ತೋರಿಸಿದ್ದರು. ಕೋಣೆಯ ಗಾಳಿಯಲ್ಲಿ ಹೊಗೆಯಂತೆ ತೇಲುವುದಕ್ಕೆ ಮುಂದು ಯಾವುದು, ಪಕ್ಕ ಯಾವುದು?

ಇದನ್ನು ಕಣ್ಣಾರೆ ಕಾಣುವ ಹಾಗೆ ಮಾಡಿದವರಲ್ಲಿ ನಮ್ಮ ಊರಿನವರೂ ಇದ್ದಾರೆಂಬುದು ಸಂತೋಷದ ಸಂಗತಿ. ಜಯನಗರದ ಒಂಬತ್ತನೆಯ ಬ್ಲಾಕಿನಲ್ಲಿ, ಬನ್ನೇರುಘಟ್ಟ ರಸ್ತೆಯ ಮೇಲಿರುವ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯನ್ನು ತಾವು ಬಲ್ಲಿರಿ. ಅಲ್ಲಿಯ ವೈದ್ಯ ಪ್ರಸನ್ನ ಸಿಂಹ ಮೋಹನ್ ರಾವ್ ಮತ್ತು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪದ್ಮನಾಭ ಪ್ರಸನ್ನ ಸಿಂಹ ಸೇರಿ ಕೆಮ್ಮಿನ ಚಿತ್ರ ತೆಗೆದರು. ೨೦೨೦ರ ಆಗಸ್ಟಿನಲ್ಲಿ ಅದು ದ್ರವಗಳ ಭೌತವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಾಣದ ಉಸಿರಿನ ಚಿತ್ರ ತೆಗೆಯುವುದು ಹೇಗೆ? ಬೇಸಗೆಯ ಮಧ್ಯಾಹ್ನ ಟಾರು ರಸ್ತೆಯ ಮೇಲೆ ಗಾಳಿ ನಡುಗಿದಂತೆ ಕಾಣುವುದಿಲ್ಲವೆ? ಬಿಸಿಗಾಳಿಯಲ್ಲಿ ಬೆಳಕು ತುಸು ಬಾಗುವುದರಿಂದ ಹಾಗಾಗುತ್ತದೆ. ಆ ಬಾಗನ್ನು ಕನ್ನಡಿಯ ಸಹಾಯದಿಂದ ನೆರಳುಬೆಳಕಾಗಿ ಹಿಡಿಯುವ ಶ್ಲೀರೆನ್ ಎಂಬ ವಿಧಾನ ಹತ್ತೊಂಬತ್ತನೆಯ ಶತಮಾನದ್ದು. ಬಾಯಿಂದ ಹೊರಟ ಬಿಸಿಯುಸಿರು ಅದರಲ್ಲಿ ಹೊಗೆಯ ಬಳ್ಳಿಯಂತೆ ಕಾಣುತ್ತದೆ.

ಮುಚ್ಚದ ಕೆಮ್ಮು ಮೂರು ಮೀಟರಿನವರೆಗೆ ಹೋಗಬಲ್ಲದು. ಸಾಧಾರಣ ಗವಸು ಅದನ್ನು ಅರ್ಧ ಮೀಟರಿಗೆ ಇಳಿಸಿತು. ಎನ್-೯೫ ಹಾಕಿದಾಗ ಅದರ ವೇಗ ಹತ್ತರಲ್ಲೊಂದು ಪಾಲಿನವರೆಗೂ ತಗ್ಗಿ, ಹತ್ತರಿಂದ ಇಪ್ಪತ್ತೈದು ಸೆಂಟಿಮೀಟರಿನೊಳಗೇ ನಿಂತಿತು. ನನಗೆ ಇದಕ್ಕಿಂತ ಸ್ವಾರಸ್ಯವೆನಿಸಿದ್ದು ಮೊಣಕೈಯ ಪ್ರಯೋಗ. ಕೆಮ್ಮು ಬಂದರೆ ಮೊಣಕೈಗೆ ಮುಖವಿಡಿ ಎಂದು ಎಲ್ಲೆಲ್ಲೂ ಹೇಳುತ್ತಿದ್ದರಲ್ಲ? ತೋಳಿನ ಬಟ್ಟೆ ಮೂಗಿಗೆ ಒತ್ತಿ ಕೂಡಿದರೆ ಕೆಮ್ಮು ನಿಲ್ಲುತ್ತದೆ. ಬರಿಯ ತೋಳಾದರೆ ಮೂಗಿನ ಸುತ್ತ ಕೂಡಿಕೊಳ್ಳಲಾರದೆ ಸಂದುಗಳಿಂದ ನಾನಾ ದಿಕ್ಕಿಗೆ ಸೋರುತ್ತದೆ. ಹಾರ್ಬಿನ್ನಿನ ಕಟ್ಟುಪಟ್ಟಿ, ಕೆಲಾಗರ ಅಂಚು, ಸ್ಯಾಕರಿನ್ನಿನ ಸಿಹಿ ಎಲ್ಲ ಒಂದು ತೋಳಿನ ಮಡಿಕೆಯಲ್ಲಿ ಮತ್ತೆ ಬಂದು ನಿಂತ ಹಾಗಾಯಿತು. ಚಿತ್ರದಲ್ಲಿ ಕಾಣುವುದು ಬಿಸಿಗಾಳಿ, ವೈರಸ್ಸಲ್ಲ, ಎಂಬುದನ್ನೂ ಹೇಳಿಬಿಡಬೇಕು.

ಮರುವರ್ಷ ಜರ್ಮನಿಯ ಗಟಿಂಗೆನ್ನಿನ ವಿಜ್ಞಾನಿಗಳು ಲೆಕ್ಕವನ್ನೂ ಒದಗಿಸಿದರು. ಸೋಂಕಿದವನೂ ಸೋಂಕದವನೂ ಎನ್-೯೫ರ ದರ್ಜೆಯ ಗವಸು ಹಾಕಿ ಇಪ್ಪತ್ತು ನಿಮಿಷ ಹತ್ತಿರ ಕುಳಿತರೆ, ಅಂಚು ಚೆನ್ನಾಗಿ ಕೂತಿದ್ದಲ್ಲಿ ಸೋಂಕು ತಗುಲುವ ಸಂಭವ ಹೆಚ್ಚೆಂದರೆ ಸಾವಿರಕ್ಕೆ ಒಂದರಷ್ಟು. ಅದೇ ಗವಸು ಸಡಿಲವಾಗಿದ್ದರೆ ನೂರಕ್ಕೆ ನಾಲ್ಕು. ಬಟ್ಟೆ ಅದೇ, ವ್ಯತ್ಯಾಸ ನಲವತ್ತರಷ್ಟು. ಅಮೆರಿಕದ ರೋಗನಿಯಂತ್ರಣ ಕೇಂದ್ರದವರು ೨೦೨೧ರ ಫೆಬ್ರವರಿಯಲ್ಲಿ ನೀಲಿ ಗವಸಿಗೇ ಒಂದು ಉಪಾಯ ಹೇಳಿದ್ದರು: ಕಿವಿಯ ದಾರಕ್ಕೆ ಬಟ್ಟೆಯ ಬುಡದಲ್ಲೇ ಗಂಟು ಹಾಕಿ, ಪಕ್ಕದಲ್ಲಿ ಉಬ್ಬಿದ ನೆರಿಗೆಯನ್ನು ಒಳಕ್ಕೆ ಮಡಚುವುದು. ಇಬ್ಬರೂ ಹಾಗೆ ಮಾಡಿದಾಗ ಒಬ್ಬರ ಕಣ ಇನ್ನೊಬ್ಬರಿಗೆ ತಲುಪುವುದು ನೂರಕ್ಕೆ ಸುಮಾರು ೯೫ರಷ್ಟು ತಗ್ಗಿತು. ಅವರು ಪರೀಕ್ಷಿಸಿದ್ದು ಬೊಂಬೆಗಳ ಮೇಲೆ. ಬೊಂಬೆ ಗಲ್ಲ ತುರಿಸಿಕೊಳ್ಳುವುದಿಲ್ಲ, ಫೋನಿನಲ್ಲಿ ಮಾತನಾಡಲು ಗವಸು ಇಳಿಸುವುದೂ ಇಲ್ಲ.

ನಮ್ಮಲ್ಲಿ ೨೦೨೦ರ ಅಕ್ಟೋಬರಿನಲ್ಲಿ ಗವಸಿಲ್ಲದವರಿಗೆ ೧,೦೦೦ ರೂಪಾಯಿ ದಂಡವೆಂದು ಸರ್ಕಾರ ಸಾರಿ, ಜನ ಗೊಣಗಿದ ಮೇಲೆ ನಗರಗಳಲ್ಲಿ ಅದನ್ನು ೨೫೦ಕ್ಕೆ ಇಳಿಸಿತು. ದಂಡ ಗವಸಿಲ್ಲದ್ದಕ್ಕೆ; ಕಿಂಡಿಗೆ ದಂಡವಿರಲಿಲ್ಲ, ಕಿಂಡಿ ಮುಚ್ಚುವ ಬಗೆಯನ್ನು ಬೀದಿಯಲ್ಲಿ ಹೇಳಿಕೊಟ್ಟವರನ್ನೂ ನಾನು ಕಾಣಲಿಲ್ಲ.

ನಾನು ಆ ಗಂಟನ್ನು ಕಲಿತದ್ದು ೨೦೨೧ರ ಮೇ ತಿಂಗಳಲ್ಲಿ. ಬನಶಂಕರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅತ್ತಿಗೆ ಜ್ವರದಿಂದ ಮಲಗಿದ್ದರು. ಊಟದ ತಟ್ಟೆ ಒಯ್ಯುವ ಕೆಲಸ ನನ್ನದು. ಬಾಗಿಲ ಹೊರಗೆ ನಿಂತು ಗಂಟು ಬಿಗಿದು, ಕನ್ನಡಕ ಏರಿಸಿ, ಎರಡು ಸಲ ಉಸಿರುಬಿಟ್ಟು ಗಾಜು ನೋಡಿ ಒಳಗೆ ಹೋಗುತ್ತಿದ್ದೆ. ಮಂಜು ಕಂಡರೆ ಹಿಂದಕ್ಕೆ ಬಂದು ಮೂಗಿನ ಪಟ್ಟಿ ಒತ್ತುವುದು. "ಸಾರು ಆರಿಹೋಯಿತು, ಬೇಗ ಬಾರಪ್ಪ" ಎಂದು ಒಳಗಿಂದ ಅವರು ಕೂಗುತ್ತಿದ್ದರು. ಅವರು ಗುಣವಾದರು, ನನಗೆ ತಗುಲಲಿಲ್ಲ. ಗಂಟಿನಿಂದಲೋ, ತೆರೆದಿಟ್ಟ ಕಿಟಕಿಯಿಂದಲೋ ಹೇಳಲಾರೆ.

ಆಗಿನ ಗವಸುಗಳಲ್ಲಿ ಎರಡು ಈಗಲೂ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿವೆ. ಮೊನ್ನೆ ನೆಗಡಿಯಾದಾಗ ಒಂದನ್ನು ತೆಗೆದು ಹಾಕಿಕೊಂಡೆ. ಕಿವಿಯ ರಬ್ಬರು ದಾರ ಜೋಲಾಗಿ ಹೋಗಿತ್ತು. ಮೊದಲ ಉಸಿರಿಗೇ ಕನ್ನಡಕದ ಮೇಲೆ ಮಂಜು ಕವಿಯಿತು.