ಬಿಎಕ್ಸ್ ಬಿಡದವರು

1999ರ ಕೊನೆಯಲ್ಲಿ ಇಂಟೆಲ್ ತನ್ನ 820 ಚಿಪ್‌ಸೆಟ್ ಜೊತೆಗೆ ರ‍್ಯಾಂಬಸ್ ಮೆಮೊರಿಯನ್ನು ಮುಂದಿಟ್ಟಿತು. ಪಿಸಿ800 ರ‍್ಯಾಂಬಸ್ ಸೆಕೆಂಡಿಗೆ 1.6 ಗಿಗಾಬೈಟ್ ಸಾಗಿಸುತ್ತಿತ್ತು. ಎಲ್ಲರ ಬಳಿಯಿದ್ದ ಪಿಸಿ133 ಎಸ್‌ಡಿರ‍್ಯಾಮ್ ಸುಮಾರು 1.06. ಬೆಲೆಯೋ, ಹಲವು ಪಟ್ಟು.

ಅಷ್ಟು ಕೊಟ್ಟು ಕೊಂಡರೂ ಪ್ರಯೋಜನ ಕಡಿಮೆ. ಪೆಂಟಿಯಂ 3ರ 133 ಮೆಗಾಹರ್ಟ್ಸ್ ಬಸ್ಸಿನಲ್ಲೇ 1.06 ಗಿಗಾಬೈಟ್‌ಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಸಾಲದ್ದಕ್ಕೆ ಪ್ರೊಸೆಸರ್ ಬಹಳ ಸಲ ಕೇಳುವುದು ಚೂರುಪಾರು ದತ್ತಾಂಶ; ಅದು ಬರುವ ತನಕ ಕಾಯಬೇಕು. ಆ ಕಾಯುವಿಕೆಯೇ ಲೇಟೆನ್ಸಿ. ರ‍್ಯಾಂಬಸ್ ಸೋತದ್ದು ಅಲ್ಲೇ. ಪಿಸಿ133ರ ಒಂದು ಕ್ಲಾಕ್ 7.5 ನ್ಯಾನೊಸೆಕೆಂಡ್: ಕ್ಯಾಸ್ 3ರ ಕಡ್ಡಿ 22.5 ಕಾಯಿಸಿದರೆ ಕ್ಯಾಸ್ 2ರದು 15.

ಓವರ್‌ಕ್ಲಾಕ್ ಮಾಡುವವರಿಗೆ ಇದು ಬೇಗ ತಿಳಿಯಿತು. 1998ರ 440ಬಿಎಕ್ಸ್ ಚಿಪ್‌ಸೆಟ್ ಅಧಿಕೃತವಾಗಿ 100 ಮೆಗಾಹರ್ಟ್ಸ್‌ನದು. ಅದನ್ನು 133ಕ್ಕೆ ಏರಿಸಿ, ಕ್ಯಾಸ್ 2ರಲ್ಲಿ ನಿಲ್ಲುವ ಒಳ್ಳೆಯ ಕಡ್ಡಿ ಹಾಕಿದರೆ ಹಲವು ಪರೀಕ್ಷೆಗಳಲ್ಲಿ 820 ಹಿಂದೆ ಬೀಳುತ್ತಿತ್ತು. ಆದರೆ ಇದು ಪುಕ್ಕಟೆಯಲ್ಲ: 66ರಲ್ಲಿ ಓಡಬೇಕಾದ ಎಜಿಪಿ 89ಕ್ಕೆ ಏರುತ್ತಿತ್ತು, ಎಲ್ಲ ಗ್ರಾಫಿಕ್ಸ್ ಕಾರ್ಡೂ ಅದನ್ನು ತಾಳುತ್ತಿರಲಿಲ್ಲ.

820ಕ್ಕೆ ಮಾಮೂಲಿ ಎಸ್‌ಡಿರ‍್ಯಾಮ್ ಹೊಂದಿಸಲು ಇಂಟೆಲ್ ಸೇರಿಸಿದ್ದ ಅನುವಾದಕ ಚಿಪ್ಪಿನಲ್ಲಿ ದೋಷ ಕಂಡು, 2000ದ ಮೇನಲ್ಲಿ ಅಂಥ ಮದರ್‌ಬೋರ್ಡ್‌ಗಳನ್ನು ವಾಪಸು ಪಡೆಯಬೇಕಾಯಿತು. ಹಾಗೆಂದು ರ‍್ಯಾಂಬಸ್ ಬರೀ ಬೊಗಳೆಯಲ್ಲ. ಅದೇ ನವೆಂಬರಿನ ಪೆಂಟಿಯಂ 4ರ 3.2 ಗಿಗಾಬೈಟ್ ಬಸ್ಸಿಗೆ ಜೋಡಿ ಚಾನೆಲ್ ರ‍್ಯಾಂಬಸ್ ಸರಿಸಮ ಒದಗುತ್ತಿತ್ತು. ಆದರೆ 2003ರಲ್ಲಿ ಇಂಟೆಲ್‌ನದೇ 875 ಚಿಪ್‌ಸೆಟ್ ಅಗ್ಗದ ಡಿಡಿಆರ್400 ಜೋಡಿಯಿಂದ 6.4 ಗಿಗಾಬೈಟ್ ಎಳೆಯತೊಡಗಿತು.