ಮುಡಿ ಬಿಚ್ಚಿದ ಮೇಲೆ

ನಮ್ಮ ಮನೆಯ ಅಟ್ಟದ ಮೂಲೆಯಲ್ಲಿ ಒಂದು ಮರದ ಕೊಡತಿ ಬಿದ್ದುಕೊಂಡಿದೆ. ಹಿಡಿ ಸವೆದು ನುಣುಪಾಗಿದೆ, ತಲೆಯ ಒಂದು ಬದಿ ಸೀಳಿದೆ. ತಂಗಿಯ ಮಗಳ ಮದುವೆಗೆಂದು ದೊಡ್ಡ ಪಾತ್ರೆಗಳನ್ನು ಇಳಿಸಲು ಹತ್ತಿದಾಗ ಅದು ನನ್ನ ಕೈಗೆ ಸಿಕ್ಕಿತು. ಕೆಳಗಿಳಿಸಿ, "ಇದೆಂತದು ದೊಡ್ಡಪ್ಪ?" ಎಂದು ಕೇಳಿದೆ. ಎಂಬತ್ತು ದಾಟಿದ ದೊಡ್ಡಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಧೂಳು ಒರೆಸಿದರು. "ಮುಡಿ ಕಟ್ಟುವ ಕೊಡತಿ. ನಮ್ಮ ಅಪ್ಪನದ್ದು. ಇದರಲ್ಲಿ ಬಡಿದು ಬಡಿದು ನಮ್ಮ ಅಕ್ಕಿಯನ್ನು ಇನ್ನೊಬ್ಬರ ಅಟ್ಟಕ್ಕೆ ಕಳಿಸಿದ್ದು ಮಾರಾಯ" ಎಂದರು.

ಅದೇ ಹೊತ್ತಿಗೆ ಜಗಲಿಯಲ್ಲಿ ಬೇರೊಂದು ಚರ್ಚೆ ನಡೆದಿತ್ತು. ಮದುವೆಯ ಊಟಕ್ಕೆ ಯಾವ ತಟ್ಟೆ? ಪ್ಲಾಸ್ಟಿಕ್ ಲೇಪದ ಕಾಗದದ್ದು ಅಗ್ಗ ಎಂದು ಅಡುಗೆಯವರು. ಅಡಿಕೆ ಹಾಳೆಯದ್ದೇ ಬೇಕು, ಪರಿಸರಕ್ಕೆ ಒಳ್ಳೆಯದು ಎಂದು ಮದುಮಗಳು. "ಹಿಂದಿನವರು ಎಷ್ಟು ಚೆನ್ನಾಗಿ ಬದುಕಿದ್ದರು ನೋಡಿ, ಅವರ ಕಾಲದಲ್ಲಿ ಎಲ್ಲವೂ ಮಣ್ಣಿಗೆ ಮರಳುತ್ತಿತ್ತು" ಎಂದಳು. ದೊಡ್ಡಪ್ಪ ಏನೂ ಹೇಳಲಿಲ್ಲ. ಕೊಡತಿಯನ್ನು ಮಾತ್ರ ಇನ್ನೊಮ್ಮೆ ಒರೆಸಿದರು. ಆ ಮೌನ ನನ್ನನ್ನು ಬಹಳ ದಿನ ಕಾಡಿತು. ಈ ಬರಹ ಹುಟ್ಟಿದ್ದು ಅಲ್ಲಿಂದ.

ಮುಡಿಯನ್ನು ನೋಡದವರಿಗಾಗಿ ಹೇಳುತ್ತೇನೆ. ಒಣಗಿದ ಬೈಹುಲ್ಲನ್ನು ನೆಲದ ಮೇಲೆ ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆತ್ತಿ ಮಡಚಿ, ಹುಲ್ಲಿನದೇ ಹಗ್ಗ ಹೊಸೆದು ಸುತ್ತಲೂ ಬಿಗಿಯುತ್ತಾರೆ. ಒಬ್ಬ ಹಗ್ಗ ಎಳೆಯುತ್ತಿದ್ದರೆ ಇನ್ನೊಬ್ಬ ಕೊಡತಿಯಿಂದ ಬಡಿಯಬೇಕು. ಬಡಿದಷ್ಟೂ ಅಕ್ಕಿ ಒಳಗೊಳಗೇ ಒತ್ತಿಕೊಂಡು, ಕೊನೆಗೆ ದೊಡ್ಡ ಕುಂಬಳಕಾಯಿಯಂಥ ಗಟ್ಟಿ ಗೋಲ ಆಗುತ್ತದೆ. ಸೂಜಿ ಬೇಡ, ಬಟ್ಟೆ ಬೇಡ, ಅಂಟು ಬೇಡ. ಅಕ್ಕಿ ಕೊಟ್ಟ ಗಿಡದ ಹುಲ್ಲೇ ಅಕ್ಕಿಗೆ ಹೊದಿಕೆ. ಅಟ್ಟದಲ್ಲಿಟ್ಟರೆ ಕೆಳಗಿನ ಒಲೆಯ ಹೊಗೆ ತಾಗಿ ಹುಳ ಹತ್ತದೆ, ನಮ್ಮ ಕರಾವಳಿಯ ಜಡಿಮಳೆಯಲ್ಲೂ ತೇವ ಹಿಡಿಯದೆ ಉಳಿಯುತ್ತಿತ್ತು. ಬಿತ್ತನೆಯ ಬೀಜವನ್ನೂ ಹೀಗೆಯೇ ಕಾಪಾಡುತ್ತಿದ್ದರು. ಬಿಚ್ಚಿದ ಮೇಲೆ ಹುಲ್ಲು ದನದ ಹಟ್ಟಿಗೆ, ಅಲ್ಲಿಂದ ಗೊಬ್ಬರಗುಂಡಿಗೆ, ಅಲ್ಲಿಂದ ಮತ್ತೆ ಗದ್ದೆಗೆ. ಪರಿಸರಸ್ನೇಹಿ ಪ್ಯಾಕೇಜಿಂಗ್ ಎಂದು ಇಂದು ಯಾವುದನ್ನು ಕರೆಯುತ್ತೇವೋ ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೆ ಮುಡಿ ಬರಿಯ ಹೊದಿಕೆ ಆಗಿರಲಿಲ್ಲ, ಅಳತೆಯೂ ಆಗಿತ್ತು. ನಮ್ಮ ಕಡೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಅಂದರೆ 42 ಸೇರು. ಗದ್ದೆಯ ಯೋಗ್ಯತೆಯನ್ನೂ ಮುಡಿಯಲ್ಲೇ ಹೇಳುತ್ತಿದ್ದರು, ಗೇಣಿಯನ್ನೂ ಮುಡಿಯಲ್ಲೇ ಗೊತ್ತು ಮಾಡುತ್ತಿದ್ದರು. ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯವರಿಗೆ ಭೂಮಿಯ ಮೇಲೆ ಒಂದಿಷ್ಟು ಕಾಯಂ ಹಕ್ಕಿತ್ತು. ನಮ್ಮ ಅಜ್ಜನಂಥ ಚಾಲಗೇಣಿ ಒಕ್ಕಲುಗಳಿಗೆ ಅದೂ ಇರಲಿಲ್ಲ. ಧನಿಗಳು ಏಳು ಎಂದರೆ ಏಳಬೇಕು. ಕೊಯ್ಲು ಮುಗಿಸಿ, ಭತ್ತ ಬೇಯಿಸಿ, ಒಣಗಿಸಿ, ಕುಟ್ಟಿ, ಅಕ್ಕಿ ಮಾಡಿ, ಮುಡಿ ಕಟ್ಟಿ, ತಲೆಯ ಮೇಲೆ ಹೊತ್ತು ಧನಿಗಳ ಮನೆಯ ಅಂಗಳಕ್ಕೆ ಮುಟ್ಟಿಸುವವರೆಗಿನ ಕೆಲಸವೆಲ್ಲ ಒಕ್ಕಲಿನದೇ. ಹುಲ್ಲೂ ಅವನದೇ, ಹಗ್ಗವೂ ಅವನದೇ, ಕಟ್ಟುವ ಕೂಲಿಯೂ ಅವನದೇ. ಅಷ್ಟು ಚಂದವಾಗಿ ಕಟ್ಟಿದ ಮುಡಿಯೊಳಗಿನ ಅಕ್ಕಿ ಮಾತ್ರ ಅವನದಲ್ಲ. ದೊಡ್ಡಪ್ಪ ಆಮೇಲೊಂದು ದಿನ ಹೇಳಿದ ಮಾತು ಇದು: "ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಗಂಜಿಗೆ ತತ್ವಾರ. ಆಗ ಅಪ್ಪ ಕಟ್ಟಿದ ಮುಡಿ ಅವರ ಅಟ್ಟದಲ್ಲಿ ಬೆಚ್ಚಗೆ ಕೂತಿರುತ್ತಿತ್ತು."

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಈ ಲೆಕ್ಕ ಮುಗಿಯಿತು. ದೇವರಾಜ ಅರಸರ ಸರ್ಕಾರ ಗೇಣಿಯನ್ನು ರದ್ದುಮಾಡಿ, ಉಳುವವರಿಗೆ ಅರ್ಜಿ ಹಾಕಲು ಹೇಳಿತು. ನಮ್ಮೂರಲ್ಲಿ ಇಂದಿಗೂ ಅದನ್ನು 'ಡಿಕ್ಲರೇಷನ್' ಎಂದೇ ಕರೆಯುತ್ತಾರೆ. ಡಿಕ್ಲರೇಷನ್ ಆದ ವರ್ಷ ಅಜ್ಜ ಮುಡಿ ಕಟ್ಟಲಿಲ್ಲ. ಅಕ್ಕಿಯನ್ನು ಗೋಣಿಗೆ ತುಂಬಿ ಮನೆಯೊಳಗೇ ಇಟ್ಟರು. ಕೊಡತಿ ಅಟ್ಟ ಸೇರಿತು. ಉಡುಪಿಯ ಪರ್ಯಾಯಕ್ಕೆ ಮೊದಲು ನಡೆಯುವ ಅಕ್ಕಿ ಮುಹೂರ್ತದಂಥ ಸಂದರ್ಭಗಳಲ್ಲಿ, ಜನಪದ ಪ್ರದರ್ಶನಗಳಲ್ಲಿ ಮುಡಿ ಈಗಲೂ ಕಾಣಿಸಿಕೊಳ್ಳುತ್ತದೆ. ಅದನ್ನು ಕಂಡು ಕಳೆದುಹೋದ ಕಾಲಕ್ಕಾಗಿ ನಿಟ್ಟುಸಿರು ಬಿಡುವವರು ಬಹಳ. ಅದು ಹೋದದ್ದಕ್ಕೆ ನಿಟ್ಟುಸಿರು ಬಿಟ್ಟು ಹಗುರಾದವರೂ ಇದ್ದರು ಎಂಬುದು ನನಗೆ ಅಟ್ಟ ಹತ್ತುವವರೆಗೆ ಹೊಳೆದಿರಲಿಲ್ಲ.

ಮುಡಿಯ ಜಾಗಕ್ಕೆ ಬಂದ ಗೋಣಿಯದ್ದೂ ಒಂದು ದೊಡ್ಡ ಕಥೆ. ಇಂಗ್ಲಿಷಿನ 'ಗನ್ನಿ' ಹುಟ್ಟಿದ್ದು ನಮ್ಮ 'ಗೋಣಿ'ಯ ಬಳಗದಿಂದಲೇ. ಬಂಗಾಳದ ರೈತರು ಸೆಣಬು ಬೆಳೆದು, ಕೊಳೆಸಿ, ನಾರು ತೆಗೆದು, ಕೈಮಗ್ಗದಲ್ಲಿ ಚೀಲ ನೇಯುತ್ತಿದ್ದರು. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಗಿರಣಿಗಳು ಈ ಒರಟು ನಾರನ್ನು ತಿಮಿಂಗಿಲದ ಎಣ್ಣೆಯಿಂದ ಮೆದುಗೊಳಿಸಿ ಯಂತ್ರದಲ್ಲಿ ನೂಲುವುದನ್ನು ಕಲಿತವು. ಜಾವಾದ ಕಾಫಿ ತುಂಬಲು ಡಚ್ಚರು ಡಂಡೀಗೆ ಚೀಲಗಳ ಬೇಡಿಕೆ ಕೊಟ್ಟರು. ಕ್ರಿಮಿಯಾ ಯುದ್ಧದ ಕಾಲದಲ್ಲಿ ರಷ್ಯಾದ ನಾರು ಬರುವುದು ಕಡಿಮೆಯಾದಾಗ ಸೆಣಬಿನ ಅದೃಷ್ಟ ಖುಲಾಯಿಸಿತು. 1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಭಾರತದ ಮೊದಲ ಸೆಣಬಿನ ಗಿರಣಿ ನಿಂತಿತು. ಜಗತ್ತಿನ ಧಾನ್ಯ, ಸಕ್ಕರೆ, ಕಾಫಿ, ಹತ್ತಿ ಎಲ್ಲವೂ ಸೆಣಬನ್ನು ಹೊದ್ದು ಹಡಗು ಹತ್ತಿದವು. ಸೊಂಟದವರೆಗಿನ ನೀರಿನಲ್ಲಿ ನಿಂತು ನಾರು ಬಿಡಿಸಿದ ಬಂಗಾಳದ ರೈತನಿಗೆ ಅದರಲ್ಲಿ ದಕ್ಕಿದ ಪಾಲು ಸಣ್ಣದು. 1947ರಲ್ಲಿ ಗೆರೆ ಎಳೆದಾಗ ಸೆಣಬಿನ ಹೊಲಗಳು ಹೆಚ್ಚಾಗಿ ಪೂರ್ವ ಪಾಕಿಸ್ತಾನಕ್ಕೆ ಹೋದವು, ಗಿರಣಿಗಳು ಭಾರತದಲ್ಲಿ ಉಳಿದವು.

ನಮ್ಮ ಅಪ್ಪನದು ಸಣ್ಣ ದಿನಸಿ ಅಂಗಡಿ. ಗೋಣಿಯ ಗುಣ ನಾನು ತಿಳಿದದ್ದು ಅಲ್ಲಿ. ಒಂದು ಗೋಣಿಗೆ ಎಷ್ಟೋ ಜನ್ಮ. ಮೊದಲು ಸಕ್ಕರೆ, ಆಮೇಲೆ ಅಡಿಕೆ, ಆಮೇಲೆ ತೆಂಗಿನಕಾಯಿ, ಹರಿದ ಮೇಲೆ ಮಳೆಗೆ ತಲೆಯ ಮೇಲೆ ಕೊಪ್ಪೆ, ಕೊನೆಗೆ ಬಾಗಿಲ ಬುಡದಲ್ಲಿ ಕಾಲೊರಸು. ಖಾಲಿ ಗೋಣಿಗೂ ಬೆಲೆ ಇತ್ತು, ಅದನ್ನು ಕೊಳ್ಳಲು ಜನ ಬರುತ್ತಿದ್ದರು. ಚಿಲ್ಲರೆಗೆ ಹಳೆಯ ಪೇಪರಿನ ಪೊಟ್ಟಣ, ಮೇಲಿನಿಂದ ಇಳಿಬಿಟ್ಟ ನೂಲಿನ ಉಂಡೆ. ಬೆಲ್ಲಕ್ಕೆ ಬಾಳೆಲೆ. ಎಣ್ಣೆಗೆ ಗಿರಾಕಿಯದೇ ಬಾಟಲಿ. ಹಾಗೆಂದು ಅದೂ ಸತ್ಯಯುಗವಲ್ಲ. ಪೊಟ್ಟಣವನ್ನು ತಕ್ಕಡಿಯಲ್ಲಿಟ್ಟೇ ತೂಗುತ್ತಿದ್ದುದರಿಂದ ರದ್ದಿ ಕಾಗದವೂ ಸಕ್ಕರೆಯ ಬೆಲೆಗೆ ಹೋಗುತ್ತಿತ್ತು. ಬಿಸಿ ಬೋಂಡಾದ ಎಣ್ಣೆಗೆ ಅಂಟಿದ ಅಚ್ಚಿನ ಮಸಿಯನ್ನು ನಾವೆಲ್ಲ ತಿಂದವರೇ. ಆಹಾರವನ್ನು ಪತ್ರಿಕೆಯಲ್ಲಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಸೂಚನೆ ಕೊಟ್ಟದ್ದು 2016ರಲ್ಲಿ.

ಆಮೇಲೆ ಪ್ಲಾಸ್ಟಿಕ್ ಬಂತು. 1933ರಲ್ಲಿ ಇಂಗ್ಲೆಂಡಿನ ರಾಸಾಯನಿಕ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಂಡ ಬಿಳಿ ಮೇಣದಂಥ ಪದಾರ್ಥವೇ ಪಾಲಿಥೀನ್. ಇಂದಿನ ಕೈಚೀಲದ ರೂಪವನ್ನು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ 1960ರ ದಶಕದಲ್ಲಿ ರೂಪಿಸಿದರು. ನಮ್ಮ ಅಂಗಡಿಗೆ ಅದು ಬಂದಾಗ ಅಪ್ಪ ಖುಷಿಪಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲದಲ್ಲಿ ಉಪ್ಪು ನೀರೊಡೆಯುವುದು ನಿಂತಿತು, ಪೊಟ್ಟಣ ಒಡೆದು ಬೇಳೆ ಚೆಲ್ಲುವುದು ನಿಂತಿತು, ಪೊಟ್ಟಣ ಕಟ್ಟುವ ಹುಡುಗನ ಸಂಬಳ ಉಳಿಯಿತು. ಪ್ಲಾಸ್ಟಿಕ್ಕನ್ನು ಬೈಯುವಾಗ ಇದನ್ನೂ ನೆನೆಯಬೇಕು. ಅದು ಗೆದ್ದದ್ದು ಬರಿಯ ಮೋಸದಿಂದಲ್ಲ, ಅಂಗಡಿಯವನ ನಿಜವಾದ ಕಷ್ಟಗಳನ್ನು ನೀಗಿಸಿತು. ಅದರ ಖರ್ಚು ಅಂಗಡಿಯ ಲೆಕ್ಕಪುಸ್ತಕದಲ್ಲಿ ಕಾಣಲಿಲ್ಲ, ಅಷ್ಟೆ. ಅದು ಕಂಡದ್ದು ತೋಡಿನಲ್ಲಿ, ಚರಂಡಿಯಲ್ಲಿ, ದನದ ಹೊಟ್ಟೆಯಲ್ಲಿ.

ಚರಂಡಿಗಳು ಕಟ್ಟಿಕೊಂಡು ಪ್ರವಾಹದ ಕಷ್ಟ ಹೆಚ್ಚಿದ್ದನ್ನು ಕಂಡ ಬಾಂಗ್ಲಾದೇಶ 2002ರಲ್ಲಿ ತೆಳು ಪಾಲಿಥೀನ್ ಚೀಲಗಳನ್ನು ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಸೆಣಬಿನ ನಾಡೇ ಎಂಬುದು ಚರಿತ್ರೆಯ ಒಂದು ಸುತ್ತು. ನಮ್ಮಲ್ಲಿ ಕಾನೂನು ಮೈಕ್ರಾನಿನ ಲೆಕ್ಕ ಹಿಡಿಯಿತು. 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ಅಂಗಡಿಯ ಕಟ್ಟೆಯ ಮೇಲೆ ಕೂತು ಚೀಲದ ದಪ್ಪ ಅಳೆಯುವವರು ಯಾರು? ಕರ್ನಾಟಕ 2016ರ ಮಾರ್ಚ್‌ನಲ್ಲಿ ದಪ್ಪದ ಮಾತನ್ನೇ ಬಿಟ್ಟು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಮುಂತಾದವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಜಾರಿ ಎಷ್ಟಾಗಿದೆ ಎಂಬುದಕ್ಕೆ ಯಾವುದೇ ಸಂತೆಯ ಮರುದಿನದ ನೆಲ ಸಾಕ್ಷಿ.

ನಿಷೇಧ ತೆರೆದ ಬಾಗಿಲಿನಿಂದ ಒಳಗೆ ಬಂದದ್ದು ಹಾಳೆ ತಟ್ಟೆ. ತುಳುನಾಡಿನಲ್ಲಿ ಹಾಳೆ ಹೊಸದಲ್ಲ. ತಲೆಗೆ ಮುಟ್ಟಾಳೆ, ಮಗುವನ್ನು ಮೀಯಿಸಲು ಹಾಳೆ, ತೋಟಕ್ಕೆ ನೀರು ಚಿಮ್ಮಿಸಲು ಹಾಳೆ. ಬೆಂಗಳೂರಿನ ದೊನ್ನೆ ಬಿರಿಯಾನಿಗೆ ಹೆಸರು ಬಂದದ್ದೂ ದೊನ್ನೆಯಿಂದಲೇ. ಅಲ್ಲಿ ಕಟ್ಟುವ ಎಲೆಯೇ ವ್ಯಾಪಾರದ ಗುರುತಾಯಿತು. ಅಡಿಕೆ ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಅದಕ್ಕಾಗಿ ಮರ ಕಡಿಯಬೇಕಿಲ್ಲ, ಗದ್ದೆ ಬೇಕಿಲ್ಲ. ಹಾಳೆಯನ್ನು ನೀರಲ್ಲಿ ನೆನೆಸಿ, ತೊಳೆದು, ಕಾದ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸಿ ಒಣಗಿಸಿದರೆ ತಟ್ಟೆ. ಬಿಸಿ ಸಾರು ಸುರಿದರೂ ಬಾಗುವುದಿಲ್ಲ. ಎಸೆದರೆ ಗೊಬ್ಬರ. ತೋಟದವನಿಗೆ ಕಸಕ್ಕೆ ಕಾಸು, ಊರಲ್ಲಿ ನಾಲ್ಕು ಜನಕ್ಕೆ ಕೆಲಸ, ಹೋಟೆಲಿನವನಿಗೆ ಒಳ್ಳೆಯ ಹೆಸರು. ವ್ಯಾಪಾರಕ್ಕೆ ಇದರಿಂದ ಆಗುವ ಲಾಭ ಸುಳ್ಳಲ್ಲ.

ಮದುವೆಯ ತಟ್ಟೆಗೆ ಹೇಳಲು ನಾನು ನಮ್ಮೂರ ಹತ್ತಿರದ ಒಂದು ಸಣ್ಣ ಘಟಕಕ್ಕೆ ಹೋದೆ. ನಡೆಸುವವರು ಒಬ್ಬ ಅಕ್ಕ. ನಾಲ್ಕು ಯಂತ್ರ, ಐದು ಹೆಂಗಸರು, ಬ್ಯಾಂಕಿನ ಸಾಲ. "ಬೇಸಿಗೆಯಲ್ಲೇ ವರ್ಷದ ಹಾಳೆ ಒಟ್ಟು ಮಾಡಬೇಕು ಅಣ್ಣ. ಮಳೆ ಬಿದ್ದರೆ ಹಾಳೆ ಕಪ್ಪು, ತಟ್ಟೆಗೆ ಬೂಸಲು. ಒಂದು ಕಟ್ಟಿನಲ್ಲಿ ಬೂಸಲು ಕಂಡರೆ ಪೂರ್ತಿ ಲೋಡು ವಾಪಸು" ಎಂದರು. ಇವರ ತಟ್ಟೆಗಳಲ್ಲಿ ಒಂದು ಪಾಲು ಮಧ್ಯವರ್ತಿಗಳ ಮೂಲಕ ಅಮೆರಿಕಕ್ಕೆ ಹೋಗುತ್ತಿತ್ತು. 2025ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯ ಅಲ್ಕಲಾಯ್ಡ್‌ಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂದು ಹೇಳಿ ಹಾಳೆ ತಟ್ಟೆಗಳಿಗೆ ತಡೆ ಹಾಕಿತು. ಪ್ರಶ್ನೆ ವಿಜ್ಞಾನದ್ದು, ಉತ್ತರವನ್ನು ಪ್ರಯೋಗಾಲಯಗಳೇ ಕೊಡಬೇಕು. ಊಟದ ತಟ್ಟೆಯ ವಿಷಯದಲ್ಲಿ ಆ ಪ್ರಶ್ನೆ ಕೇಳಲೇಬೇಕಾದದ್ದು. ಆದರೆ ಉತ್ತರ ಬರುವವರೆಗೆ ಕಾಯುವ ಖರ್ಚು ಯಾರದು? "ಯಂತ್ರ ನಿಂತರೂ ಕಂತು ನಿಲ್ಲುವುದಿಲ್ಲ ಅಣ್ಣ" ಎಂದರು ಅಕ್ಕ. ಮಧ್ಯವರ್ತಿ ಬೇರೆ ಸರಕಿಗೆ ಹೋಗಿಯಾಗಿತ್ತು.

ಆಗ ನನಗೆ ದೊಡ್ಡಪ್ಪನ ಮೌನ ಅರ್ಥವಾಯಿತು. ಮುಡಿಯಿಂದ ಹಾಳೆಯವರೆಗೆ ಹೊದಿಕೆ ಬದಲಾಗಿದೆ, ಆದರೆ ನಷ್ಟ ಹೊರುವ ಹೆಗಲು ಅಷ್ಟಾಗಿ ಬದಲಾಗಿಲ್ಲ. ಒಂದು ವಸ್ತು ಮಣ್ಣಿಗೆ ಮರಳುತ್ತದೆಯೇ ಎಂದು ಕೇಳುವುದು ಸರಿಯೇ. ಅದನ್ನು ಕಟ್ಟಿದ ಕೈಗೆ ಏನು ಮರಳುತ್ತದೆ ಎಂಬುದನ್ನೂ ಜೊತೆಗೇ ಕೇಳಬೇಕು. ಮುಂಗಡ ಕೊಟ್ಟು ಬೇಸಿಗೆಯಲ್ಲೇ ಕೊಳ್ಳುವ ಹೋಟೆಲಿನವರು, ಗೋಣಿಯನ್ನು ಮರಳಿ ಪಡೆಯುವ ವ್ಯಾಪಾರಿ, ಚೀಲ ಹಿಡಿದು ಬರುವ ಗಿರಾಕಿ ಇಲ್ಲದಿದ್ದರೆ ಪರಿಸರಸ್ನೇಹಿ ಎಂಬುದು ಡಬ್ಬಿಯ ಮೇಲಿನ ಹಸಿರು ಅಕ್ಷರವಾಗಿ ಉಳಿಯುತ್ತದೆ.

ಮದುವೆಗೆ ಆ ಅಕ್ಕನ ತಟ್ಟೆಗಳನ್ನೇ ತಂದೆವು, ಹಣ ಮೊದಲೇ ಕೊಟ್ಟು. ಊಟವಾದ ಮೇಲೆ ಎಲ್ಲವೂ ತೋಟದ ಗೊಬ್ಬರಗುಂಡಿ ಸೇರಿದವು. ಮದುಮಗಳಿಗೆ ಕೊಡತಿ ಬಹಳ ಇಷ್ಟವಾಯಿತು. ಬೆಂಗಳೂರಿನ ಮನೆಯ ಗೋಡೆಗೆ ತೂಗುಹಾಕುತ್ತೇನೆ, ಕೊಡುತ್ತೀರಾ ಅಜ್ಜ ಎಂದು ಕೇಳಿದಳು. ದೊಡ್ಡಪ್ಪ ಅವಳ ಕೈಗೆ ಕೊಟ್ಟು ಹೇಳಿದರು:

"ತೂಗುಹಾಕು ಮಗಾ. ಕೆಳಗೊಂದು ಚೀಟಿ ಅಂಟಿಸು. ಒಂದು ಮುಡಿಗೆ 42 ಸೇರು ಅಂತ ಬರೆ. ಯಾರ ಮನೆಗೆ ಹೋಗುತ್ತಿತ್ತು ಅಂತಲೂ ಬರೆ."