ಮೆಥಡೋನ್ ಚಿಕಿತ್ಸೆ

ಹೆರಾಯಿನ್ ಮತ್ತಿತರ ಅಫೀಮು ಜಾತಿಯ ಮಾದಕಗಳ ಚಟಕ್ಕೆ ಬಿದ್ದವರಿಗೆ ಮೆಥಡೋನ್ ಎಂಬ ಕೃತಕ ಔಷಧವನ್ನು ದಿನಕ್ಕೊಮ್ಮೆ ಕುಡಿಸಿ, ತಿಂಗಳುಗಟ್ಟಲೆ, ಹಲವೊಮ್ಮೆ ವರ್ಷಗಟ್ಟಲೆ ಮುಂದುವರಿಸುವ ಚಿಕಿತ್ಸೆ. ಇದು ಪದ್ಧತಿಯಾಗಿ ಬೆಳೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಬಿಗಿಯಾದ ಕಟ್ಟುಪಾಡುಗಳಿಗೆ ಸಿಕ್ಕಿದ್ದೂ ಅಲ್ಲಿಯೇ.

ಔಷಧ

1930ರ ದಶಕದ ಕೊನೆಯಲ್ಲಿ ಜರ್ಮನಿಯ ಹೋಕ್ಸ್ಟ್ ಪ್ರಯೋಗಾಲಯದಲ್ಲಿ ಮೆಥಡೋನ್ ನೋವು ನಿವಾರಕವಾಗಿ ತಯಾರಾಯಿತು. ಯುದ್ಧಾನಂತರ ಇದರ ತಿಳಿವಳಿಕೆ ಅಮೆರಿಕನ್ನರ ಕೈಸೇರಿ, 1947ರಲ್ಲಿ ಎಲಿ ಲಿಲ್ಲಿ ಕಂಪನಿ ‘ಡೋಲೊಫಿನ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಡಾಲ್ಫ್ ಹಿಟ್ಲರನಿಂದ ಈ ಹೆಸರು ಬಂತೆನ್ನುವುದು ಬರೀ ಕಟ್ಟುಕತೆ; ಹೆಸರಿಟ್ಟದ್ದೇ ಅಮೆರಿಕದ ಕಂಪನಿ.

ಹೆರಾಯಿನ್ನಿನ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಬೆನ್ನಿಗೇ ಬೆವರು, ನಡುಕ, ವಾಂತಿ. ಮೆಥಡೋನ್ ಮೆದುಳಿನಲ್ಲಿ ಅದೇ ಗ್ರಾಹಕಗಳಿಗೆ ಅಂಟಿದರೂ ಮೆಲ್ಲನೆ ಏರಿ, ಒಂದು ದಿನಕ್ಕೂ ಹೆಚ್ಚು ನಿಲ್ಲುತ್ತದೆ. ಈ ಗುಣವೇ ಅಪಾಯವೂ ಹೌದು. ನಿನ್ನೆಯದು ಪೂರ್ತಿ ಇಳಿಯುವ ಮೊದಲೇ ಇಂದಿನದು ಸೇರುವುದರಿಂದ, ಮೊದಲ ಎರಡು ವಾರ ಅವಸರದಿಂದ ಪ್ರಮಾಣ ಏರಿಸಿದರೆ ಉಸಿರಾಟವೇ ನಿಂತೀತು. ಹೃದಯದ ಲಯ ತಪ್ಪುವ ಸಂಭವವನ್ನೂ ಗಮನಿಸಬೇಕು.

ಆರಂಭ

1914ರ ಹ್ಯಾರಿಸನ್ ಕಾಯಿದೆ ಮತ್ತು ಅದರ ಮೇಲಿನ ನ್ಯಾಯಾಲಯದ ತೀರ್ಪುಗಳಿಂದಾಗಿ, ಚಟವಿದ್ದವರಿಗೆ ಅದೇ ಜಾತಿಯ ಮದ್ದು ಬರೆದುಕೊಡುವುದು ಅಮೆರಿಕದ ವೈದ್ಯರಿಗೆ ಅಪರಾಧವೆನಿಸಿತ್ತು. 1964ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿನ್ಸೆಂಟ್ ಡೋಲ್ ಮತ್ತು ಮನೋವೈದ್ಯೆ ಮೇರಿ ನೈಸ್ವಾಂಡರ್ ಈ ಗೆರೆಯನ್ನು ದಾಟಿದರು. ಮೊದಲು ಮಾರ್ಫಿನ್ ಕೊಟ್ಟುನೋಡಿದರು. ರೋಗಿಗಳು ಮುಂದಿನ ಚುಚ್ಚುಮದ್ದಿನ ದಾರಿ ಕಾಯುವುದರಲ್ಲೇ ದಿನ ಕಳೆದರು. ಮೆಥಡೋನಿಗೆ ಬದಲಿಸಿದ ಮೇಲೆ ಆ ಹಪಾಹಪಿ ತಗ್ಗಿತು. 22 ರೋಗಿಗಳ ವರದಿ 1965ರಲ್ಲಿ ಪ್ರಕಟವಾಯಿತು. ಯಾರೂ ಸೂಜಿಗೆ ತುಂಬಬಾರದೆಂದು ಮದ್ದನ್ನು ‘ಟ್ಯಾಂಗ್’ ಎಂಬ ಕಿತ್ತಳೆ ಪೇಯದಲ್ಲಿ ಕದಡಿ ಕೊಡುವ ರೂಢಿಯೂ ಈ ಮೊದಲ ದಿನಗಳದ್ದೇ.

ನಿಯಂತ್ರಣ

1971ರಲ್ಲಿ ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನ ತಡೆಗೆ ವಿಶೇಷ ಕಚೇರಿ ತೆರೆದು, ಮೆಥಡೋನಿನಲ್ಲಿ ಅನುಭವವಿದ್ದ ಮನೋವೈದ್ಯ ಜೆರೋಮ್ ಜಾಫಿಗೆ ವಹಿಸಿದ. ಕೇಂದ್ರಗಳು ಬೇಗ ಹೆಚ್ಚಿದವು. ಮದ್ದು ಬೀದಿಗೆ ಸೋರುವ ಭಯವೂ ಹೆಚ್ಚಿತು. 1972ರಲ್ಲಿ ಆಹಾರ ಮತ್ತು ಔಷಧ ಆಡಳಿತ ಮೆಥಡೋನನ್ನು ಅನುಮತಿ ಪಡೆದ ಕೇಂದ್ರಗಳಿಗೂ ಆಸ್ಪತ್ರೆಗಳಿಗೂ ಸೀಮಿತಗೊಳಿಸಿ, ಸಾಮಾನ್ಯ ಔಷಧದಂಗಡಿಗಳನ್ನು ಹೊರಗಿಟ್ಟಿತು. ಫಾರ್ಮಸಿಸ್ಟರ ಸಂಘ ನ್ಯಾಯಾಲಯಕ್ಕೆ ಹೋಯಿತು. ಔಷಧಕ್ಕೆ ಒಪ್ಪಿಗೆ ಕೊಡುವುದು ಆಡಳಿತದ ಕೆಲಸ, ಅದನ್ನು ಯಾರು ಮಾರಬೇಕೆಂದು ಕಟ್ಟುಮಾಡುವ ಅಧಿಕಾರ ಅದಕ್ಕಿಲ್ಲ ಎಂದು 1974ರಲ್ಲಿ ತೀರ್ಪಾಯಿತು. ಮೇಲ್ಮನವಿಯಲ್ಲೂ ಅದೇ ನಿಂತಿತು. ಅದೇ 1974ರಲ್ಲಿ ಸಂಸತ್ತು ತಂದ ಮಾದಕ ವ್ಯಸನಿ ಚಿಕಿತ್ಸಾ ಕಾಯಿದೆ, ವ್ಯಸನ ಚಿಕಿತ್ಸೆಗೆ ಮದ್ದು ಕೊಡುವವರಿಗೆ ಪ್ರತ್ಯೇಕ ನೋಂದಣಿ ಕಡ್ಡಾಯ ಮಾಡಿತು. ಇಂದಿನ ವಿಚಿತ್ರ ಸ್ಥಿತಿಯ ಬೇರು ಇಲ್ಲಿದೆ: ಬೆನ್ನುನೋವಿಗಾದರೆ ಮೆಥಡೋನ್ ಮಾತ್ರೆ ಚೀಟಿ ತೋರಿಸಿ ಬೀದಿಬದಿಯ ಅಂಗಡಿಯಲ್ಲಿ ಕೊಳ್ಳಬಹುದು, ಹೆರಾಯಿನ್ ಚಟಕ್ಕಾದರೆ ಕೇಂದ್ರದ ಕಿಟಕಿಯ ಮುಂದೆ ಸರದಿ ನಿಲ್ಲಬೇಕು.

ಕಿಟಕಿಯ ಕ್ರಮ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಬೆಳಗಿನ ಜಾವವೇ ಬಾಗಿಲು ತೆರೆಯುತ್ತದೆ, ಕೆಲಸಕ್ಕೆ ಹೋಗುವವರಿಗಾಗಿ. ನರ್ಸ್ ಗುರುತು ನೋಡಿ ಪುಟ್ಟ ಲೋಟಕ್ಕೆ ದ್ರಾವಣ ಅಳೆದು ಕೊಡುತ್ತಾಳೆ. ಕುಡಿದಾದ ಮೇಲೆ ನೀರು ಕುಡಿಸಿ ಒಂದೆರಡು ಮಾತಾಡಿಸುವುದುಂಟು. ಮದ್ದು ಬಾಯಲ್ಲೇ ಉಳಿದಿದ್ದರೆ ಮಾತು ಹೊರಡದು. ಮುಂದಿನ ದಿನಗಳ ಮದ್ದನ್ನು ಮನೆಗೆ ಒಯ್ಯುವ ಬಾಟಲಿಗಳಿಗೆ ಬೀಗದ ಪೆಟ್ಟಿಗೆ ತರಬೇಕು. ಮಕ್ಕಳಿರುವ ಮನೆಯಲ್ಲಿ ಇದು ಬರೀ ಶಾಸ್ತ್ರವಲ್ಲ: ದೊಡ್ಡವರ ಒಂದು ದಿನದ ಮದ್ದು ಮಗುವಿನ ಪ್ರಾಣ ತೆಗೆಯಬಲ್ಲದು.

ಹಾಗಾಗಿ ನಿಯಮಗಳ ಚರಿತ್ರೆಯೆಲ್ಲ ಈ ಬಾಟಲಿಗಳ ಲೆಕ್ಕವೇ. 2001ರ ನಿಯಮಾವಳಿ ಉಸ್ತುವಾರಿಯನ್ನು ಆರೋಗ್ಯ ಇಲಾಖೆಯ ಬೇರೊಂದು ಸಂಸ್ಥೆಗೆ ಒಪ್ಪಿಸಿತು. ಕೇಂದ್ರ ಮುಚ್ಚುವ ದಿನದ ಬಾಟಲಿಯನ್ನು ಬಿಟ್ಟು, ಮೊದಲ 90 ದಿನ ವಾರಕ್ಕೆ ಒಂದು. ವರ್ಷ ಕಳೆದರೆ ಎರಡು ವಾರದ್ದು. ಎರಡು ವರ್ಷವಾದರೆ ಒಂದು ತಿಂಗಳದ್ದು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ, ಸ್ಥಿರವಾಗಿರುವ ರೋಗಿಗೆ 28 ದಿನದ್ದನ್ನು ಒಮ್ಮೆಗೇ ಕೊಡಬಹುದೆಂದಾಯಿತು. ಹೆದರಿದ್ದ ಮಟ್ಟದ ಅನಾಹುತ ಆಗಲಿಲ್ಲವೆಂದೇ ಬಹುಪಾಲು ಅಧ್ಯಯನಗಳ ಸೂಚನೆ. 2024ರ ನಿಯಮ ಈ ಸಡಿಲಿಕೆಯನ್ನು ಕಾಯಂ ಮಾಡಿ, ಸೇರಿ ಒಂದು ತಿಂಗಳಾದವರಿಗೇ 28 ದಿನದ ಮದ್ದು ಕೊಡಲು ದಾರಿ ಮಾಡಿತು. ಚಿಕಿತ್ಸೆಗೆ ಸೇರಲು ಒಂದು ವರ್ಷದ ಚಟವಿರಬೇಕೆಂಬ ಹಳೆಯ ಷರತ್ತನ್ನೂ ಕೈಬಿಟ್ಟಿತು. ಆದರೆ ರಾಜ್ಯಗಳು ಇನ್ನೂ ಬಿಗಿಯಾದ ನಿಯಮ ಇಟ್ಟುಕೊಳ್ಳಬಹುದು. ಇದಕ್ಕೆ ಹೋಲಿಸಿದರೆ ಇದೇ ಚಟಕ್ಕೆ ಕೊಡುವ ಇನ್ನೊಂದು ಔಷಧ ಬ್ಯುಪ್ರೆನಾರ್ಫಿನ್ ಸಲೀಸು: 2000ದ ಕಾಯಿದೆಯ ನಂತರ ವೈದ್ಯರು ತಮ್ಮ ಕ್ಲಿನಿಕ್ಕಿನಿಂದಲೇ ಬರೆದುಕೊಡುತ್ತಿದ್ದಾರೆ.

ಇತರೆಡೆ

ಬ್ರಿಟನ್ನಿನಲ್ಲಿ ವೈದ್ಯರ ಚೀಟಿಯ ಮೇಲೆ ಊರಿನ ಔಷಧದಂಗಡಿಯಲ್ಲೇ ಕುಡಿಯುತ್ತಾರೆ. ಹಾಂಗ್‌ಕಾಂಗ್‌ನಲ್ಲಿ ಈ ಚಿಕಿತ್ಸೆ 1970ರ ದಶಕದಿಂದ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಮೆಥಡೋನನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಇಂಥ ಚಿಕಿತ್ಸೆಗೆ ಹೆಚ್ಚಾಗಿ ಬಳಸುವುದು ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು. ಮೆಥಡೋನ್ 2012ರಲ್ಲಿ ದೆಹಲಿಯ ಏಮ್ಸ್ ನೇತೃತ್ವದಲ್ಲಿ ಕೆಲವೇ ಕೇಂದ್ರಗಳಲ್ಲಿ ಶುರುವಾಯಿತು. 1985ರ ಮಾದಕ ದ್ರವ್ಯ ಕಾಯಿದೆಗೆ 2014ರಲ್ಲಾದ ತಿದ್ದುಪಡಿಯ ಬಳಿಕ ಇದು ‘ಅಗತ್ಯ ಮಾದಕ ಔಷಧ’ಗಳಲ್ಲಿ ಸೇರಿದೆ.